ಟಿವಿ ಆರಿಸಿದರೆ ದೋಣಿ ಮುಳುಗುತ್ತೆ

ಕಂಪ್ಯೂಟರ್ ಅಂದರೆ ದೊಡ್ಡ ಆಫೀಸುಗಳ ತಣ್ಣನೆಯ ಕೋಣೆಗಳಲ್ಲಿ ಬೀರುಗಳ ಹಾಗೆ ಸಾಲಾಗಿ ನಿಂತಿರುವ ವಸ್ತು, ಅದರ ಹತ್ತಿರ ಜೋರಾಗಿ ಕೆಮ್ಮಲೂ ಬಾರದು ಅಂತ ಜನ ನಂಬಿದ್ದ ಕಾಲ. ಅಂಥ ಕಾಲದಲ್ಲಿ ಪಿಟೀಲುವಿನ ಅಪ್ಪ ಒಂದನ್ನು ಕಂಕುಳಲ್ಲಿ ಇರುಕಿಕೊಂಡು, ಇನ್ನೊಂದು ಕೈಯಲ್ಲಿ ಈರುಳ್ಳಿ ಚೀಲ ಹಿಡಿದುಕೊಂಡು ಮನೆಗೆ ಬಂದ.

ಪಿಟೀಲು ಅನ್ನುವುದು ಹುಡುಗಿಯ ನಿಜವಾದ ಹೆಸರೇನಲ್ಲ. ತೊಟ್ಟಿಲಲ್ಲಿದ್ದಾಗಿನಿಂದ ಒಂದೇ ಶ್ರುತಿ ಹಿಡಿದು ಕುಯ್ಯುತ್ತಾಳೆ ಅಂತ ಅಜ್ಜಿ ಇಟ್ಟದ್ದು ಅದು, ಹಾಗೇ ಅಂಟಿಕೊಂಡಿತ್ತು. ಈ ವರ್ಷವಿಡೀ ಅವಳು ಕುಯ್ದದ್ದು ಒಂದೇ ರಾಗ. ಪೇಟೆಯ ರೇಡಿಯೋ ಅಂಗಡಿಯ ಕಿಟಕಿಯಲ್ಲಿ ಒಂದು ಪುಟ್ಟ ಕಂಪ್ಯೂಟರ್ ಬಂದು ಕೂತಿತ್ತು, 'ನಿಮ್ಮ ಮನೆಗೂ, ನಿಮ್ಮ ಜೇಬಿಗೂ' ಅಂತ ಅದರ ಕುತ್ತಿಗೆಗೆ ಚೀಟಿ ನೇತುಹಾಕಿದ್ದರು. ಶಾಲೆಯಿಂದ ಬರುವಾಗ ಆ ಕಿಟಕಿಗೆ ಮೂಗು ಒತ್ತಿ ಒತ್ತಿ ಗಾಜಿನ ಮೇಲೆ ಅವಳ ಮೂಗಿನದೇ ಒಂದು ಗುರುತು ಉಳಿದುಬಿಟ್ಟಿತ್ತು. ಅಂಗಡಿಯವನು ಅದನ್ನು ಒರೆಸುವುದನ್ನೇ ಬಿಟ್ಟಿದ್ದ.

ಪೆಟ್ಟಿಗೆ ತೆರೆದಾಗ ಮನೆಯವರೆಲ್ಲ ಮುಗಿಬಿದ್ದರು. ಒಳಗೆ ಇದ್ದದ್ದು ಊಟದ ಡಬ್ಬಿಗಿಂತ ಸ್ವಲ್ಪ ಅಗಲದ ಕಪ್ಪು ಹಲಗೆ. ಅದರ ಮೇಲೆ ಪೆನ್ಸಿಲ್ ಅಳಿಸುವ ರಬ್ಬರಿನಂಥ ಗುಂಡಿಗಳು. ಒತ್ತಿದರೆ ಮೆತ್ತಗೆ ಒಳಗೆ ಹೋಗಿ, ಮನಸ್ಸಿಲ್ಲದ ಮನಸ್ಸಿನಿಂದ ಮೇಲೆ ಬರುತ್ತಿದ್ದವು. ಜೊತೆಗೆ ಇಟ್ಟಿಗೆಯಂಥ ಒಂದು ಕರೆಂಟಿನ ಡಬ್ಬಿ, ಒಂದು ತಂತಿ, ಒಂದು ಪುಸ್ತಕ.

"ಮಿಕ್ಕಿದ್ದು?" ಅಂದಳು ಅಮ್ಮ.

"ಮಿಕ್ಕಿದ್ದು ಅಂದ್ರೆ?"

"ಇದಕ್ಕೆ ಮುಖ ಎಲ್ಲಿ?" ಅಮ್ಮ ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ದಿನಾ ಬೇರೆಯವರ ಮುಖವನ್ನೇ ನೋಡುವ ಕೆಲಸ. ಮುಖವಿಲ್ಲದ ವಸ್ತುವನ್ನು ಅವಳು ನಂಬುತ್ತಿರಲಿಲ್ಲ.

ಅಪ್ಪ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದ. ಎರಡು ತುಂಡು ಥರ್ಮೋಕೋಲು ಉದುರಿತು.

"ಮುಖ ನಮ್ಮ ಟಿವೀನೇ," ಅಂದಳು ಪಿಟೀಲು, ಪುಸ್ತಕದ ಮೊದಲ ಪುಟದ ಚಿತ್ರ ನೋಡಿ. "ಟಿವಿ ಹಿಂದಿರೋ ಆಂಟೆನಾ ತಂತಿ ಕಿತ್ತು, ಆ ತೂತಿಗೆ ಇದರ ತಂತಿ ಸಿಕ್ಕಿಸಬೇಕಂತೆ."

ಎಲ್ಲರ ಕಣ್ಣೂ ಟಿವಿಯ ಕಡೆ ತಿರುಗಿತು. ಆ ಮನೆಯಲ್ಲಿ ಟಿವಿಗೆ ಇದ್ದ ಮರ್ಯಾದೆ ಮನುಷ್ಯರಿಗಿರಲಿಲ್ಲ. ಅಪ್ಪ ಊರೊಳಗಿನ ಬಸ್ಸಿನ ಡ್ರೈವರ್. ಬೆಳಗಿನಿಂದ ಎಲ್ಲರನ್ನೂ ಹತ್ತಿಸಿ ಇಳಿಸಿ ಸಂಜೆ ಬಂದು ಬೆತ್ತದ ಕುರ್ಚಿಯಲ್ಲಿ ವಾರ್ತೆ ನೋಡುತ್ತ ಕೂರುವುದೇ ಅವನ ಕೊನೇ ಸ್ಟಾಪು. ಅಜ್ಜಿಗೆ ಮಧ್ಯಾಹ್ನದ ಧಾರಾವಾಹಿ ಬೇಕು. ಅಮ್ಮನಿಗೆ ಏನು ಬಂದರೂ ನಡೆಯುತ್ತಿತ್ತು, ಯಾರೂ ಬಾಯಿ ತೆರೆದು ತೋರಿಸದಿದ್ದರೆ ಸರಿ.

"ಸ್ವಲ್ಪ ಹೊತ್ತು ತಾನೇ," ಅಂದ ಅಪ್ಪ, ತನಗೆ ತಾನೇ ಸಮಾಧಾನ ಹೇಳಿಕೊಳ್ಳುವಂತೆ.

ಆ ಸಂಜೆ ಪಿಟೀಲು ಪುಸ್ತಕ ನೋಡಿಕೊಂಡು ಒಂದೊಂದೇ ಸಾಲು ಕುಟ್ಟಿ, ಬಣ್ಣದ ಚೌಕಗಳು ಪರದೆಯ ತುಂಬ ಮಳೆಯ ಹಾಗೆ ಸುರಿಯುವಂತೆ ಮಾಡಿದಳು. ಎಲ್ಲರೂ ಕಣ್ಣರಳಿಸಿ ನೋಡಿದರು. ಆಮೇಲೆ ಅಪ್ಪ, "ಭೇಷ್! ಇನ್ನು ವಾರ್ತೆ," ಅಂತ ತಂತಿ ಬದಲಿಸಲು ಗೋಡೆಯ ಸ್ವಿಚ್ಚು ಆರಿಸಿದ. ಟಿವಿ, ಕಂಪ್ಯೂಟರ್ ಎರಡೂ ಅದೇ ಸ್ವಿಚ್ಚಿನ ಮೇಲೆ ಬದುಕಿದ್ದವು. ಮತ್ತೆ ಹಾಕಿದಾಗ ಚೌಕಗಳೂ ಇಲ್ಲ, ಸಾಲುಗಳೂ ಇಲ್ಲ. ಹುಟ್ಟಿಯೇ ಇರಲಿಲ್ಲವೇನೋ ಎನ್ನುವಂತೆ ಪರದೆ ಖಾಲಿ.

"ಟಿವಿ ಆರಿಸಿದ್ರೆ ಎಲ್ಲ ಸತ್ತು ಹೋಗುತ್ತೆ!" ಅಂತ ಪಿಟೀಲು ತನ್ನ ಹಳೇ ಶ್ರುತಿ ಹಿಡಿದಳು.

ಅವತ್ತಿನಿಂದ ಆ ಮಾತು ಮನೆಯ ಕಾನೂನಾಯಿತು. ಯಾರೂ ಅದನ್ನು ಪರೀಕ್ಷಿಸಲು ಹೋಗಲಿಲ್ಲ. ಪುಸ್ತಕದಲ್ಲಿ ಇನ್ನೊಂದು ದಾರಿ ಬರೆದಿತ್ತು ನಿಜ: ಬರೆದದ್ದನ್ನೆಲ್ಲ ಟೇಪ್ ರೆಕಾರ್ಡರಿನಿಂದ ಕ್ಯಾಸೆಟ್ಟಿಗೆ ತುಂಬಿಸಿಟ್ಟರೆ ಆಮೇಲೆ ಏನು ಬೇಕಾದರೂ ಆರಿಸಬಹುದು. ಆದರೆ ಮನೆಯ ಟೇಪ್ ರೆಕಾರ್ಡರಿನ ಬೆಲ್ಟು ಸಡಿಲವಾಗಿ, ಅದರಲ್ಲಿ ಹಾಡುವವರೆಲ್ಲ ಹಲ್ಲು ಕೀಳಿಸಿಕೊಂಡು ಬಂದವರ ಹಾಗೆ ಹಾಡತೊಡಗಿ, ರಿಪೇರಿ ಅಂಗಡಿ ಸೇರಿ ಬಹಳ ಕಾಲವಾಗಿತ್ತು. "ಬೆಲ್ಟು ತರಿಸಬೇಕು, ಬರುತ್ತೆ" ಅನ್ನುವುದು ರಿಪೇರಿಯವನ ಕಾಯಂ ಉತ್ತರ.

ಹೀಗೇ ಕೆಲವು ಸಂಜೆಗಳು ಕಳೆದವು. ಪಿಟೀಲು ಕುಟ್ಟುವುದು, ಅಪ್ಪ ಕುರ್ಚಿಯಲ್ಲಿ ಹಾರ್ನ್ ಹೊಡೆದ ಹಾಗೆ ಗಂಟಲು ಸರಿಮಾಡಿಕೊಳ್ಳುವುದು, ಕೊನೆಗೆ ಚೌಕಗಳು ಸಾಯುವುದು, ವಾರ್ತೆ ಅರ್ಧಕ್ಕೆ ಸಿಗುವುದು. ಒಂದು ದಿನ ಅಪ್ಪ ಬ್ರೇಕ್ ಹಾಕಿದ.

"ನೋಡು ಪಿಟೀಲು, ನಮ್ಮ ಡಿಪೋದ ಟೈಂ ಕೀಪರ್‌ಗೆ ಇದರ ಮೇಲೆ ಕಣ್ಣು ಬಿದ್ದಿದೆ. ಭಾನುವಾರ ನೋಡೋಕೆ ಬರ್ತಾರೆ. ಅಷ್ಟರೊಳಗೆ ಈ ಡಬ್ಬಿ ಏನಾದ್ರೂ ಕೆಲಸಕ್ಕೆ ಬರೋ ಹಾಗೆ ಮಾಡಿ ತೋರಿಸಿದ್ರೆ ಇಲ್ಲೇ ಇರಲಿ. ಬರೀ ಚೌಕ ಉದುರಿಸ್ತಾ ಕೂತ್ರೆ, ಅವರ ಜೊತೆ ಹೋಗಲಿ."

"ಕೆಲಸಕ್ಕೆ ಬರೋದು ಅಂದ್ರೆ ಏನಪ್ಪಾ?"

ಅಪ್ಪನಿಗೂ ಅದು ಗೊತ್ತಿರಲಿಲ್ಲ. "ಏನೋ ಒಂದು. ಕೂತಿರೋ ಮನುಷ್ಯ ಎದ್ದು ಹೋಗಬಾರದು, ಹಂಗಿರಬೇಕು," ಅಂದ.

ಪಿಟೀಲು ಮಂಚದ ಮೇಲೆ ಬೋರಲು ಮಲಗಿ ಯೋಚಿಸಿದಳು. ಅವಳಿಗೆ ಗೊತ್ತಿದ್ದದ್ದೇನು? ಲೆಕ್ಕ ಬಾರದು. ನಕ್ಷೆ ಬಾರದು. ತಲೆಯಲ್ಲಿ ತುಂಬಿದ್ದು ಬರೀ ಅಜ್ಜಿಯ ಕಥೆಗಳು. ಅದರಲ್ಲೂ ದೋಣಿಯವನ ಮಗಳ ಕಥೆ.

ಆ ಕಥೆ ಹೀಗೆ. ಸೂರ್ಯ ಒಂದು ಸಂಜೆ ಅವಸರದಲ್ಲಿ ಮುಳುಗುವಾಗ ಒಂದು ಚಪ್ಪಲಿ ನದಿಯಲ್ಲಿ ಬಿಟ್ಟುಹೋಗುತ್ತಾನೆ. ಅವತ್ತಿನಿಂದ ಕುಂಟುತ್ತ ಬರುತ್ತಾನೆ, ಬೆಳಗಾಗುವುದೇ ತಡ. ದೋಣಿಯವನ ಮಗಳು ಆ ಒಂಟಿ ಚಪ್ಪಲಿ ಹುಡುಕಲು ಒಬ್ಬಳೇ ದೋಣಿ ಬಿಡುತ್ತಾಳೆ. ನದಿ ಕವಲೊಡೆದಾಗಲೆಲ್ಲ ಅಜ್ಜಿ ಕಥೆ ನಿಲ್ಲಿಸಿ, ಕೇಳುವವರ ಕಡೆ ಹುಬ್ಬು ಹಾರಿಸಿ, "ಎಡಕ್ಕೋ ಬಲಕ್ಕೋ?" ಅನ್ನುತ್ತಿದ್ದಳು. ಎಡಕ್ಕೆ ಅಂದರೆ ನಿದ್ದೆಗೆಟ್ಟ ರಾಕ್ಷಸಿ. ಬಲಕ್ಕೆ ಅಂದರೆ ಒಗಟು ಕೇಳುವ ಮೊಸಳೆ. ಉತ್ತರ ಬರದಿದ್ದರೆ, ಅಂದರೆ ಕೇಳುವವರು ನಿದ್ದೆಹೋಗಿದ್ದರೆ, ದೋಣಿ ಬುಳುಕ್ ಅಂತ ಮುಳುಗುತ್ತಿತ್ತು. ಚಿಕ್ಕಂದಿನಲ್ಲಿ ಪಿಟೀಲುವಿನ ದೋಣಿ ದಿನಾ ಮುಳುಗುತ್ತಿತ್ತು. ಚಪ್ಪಲಿ ಸಿಕ್ಕಿತೋ ಇಲ್ಲವೋ ಅವಳಿಗೆ ಈವರೆಗೆ ಗೊತ್ತಿಲ್ಲ.

'ಹೀಗೆಂದರೆ ಹೀಗೆ, ಹಾಗೆಂದರೆ ಹಾಗೆ.' ಪಿಟೀಲು ಮಂಚದಿಂದ ದಡಕ್ಕನೆ ಎದ್ದಳು. ಕಂಪ್ಯೂಟರಿನ ಪುಸ್ತಕ ಹೇಳುತ್ತಿದ್ದದ್ದೂ ಇದನ್ನೇ! ಎಡದ ಗುಂಡಿ ಒತ್ತಿದರೆ ಈ ಸಾಲಿಗೆ ಹಾರು, ಬಲದ್ದು ಒತ್ತಿದರೆ ಆ ಸಾಲಿಗೆ ಹಾರು. ಅಜ್ಜಿ ಇಷ್ಟು ವರ್ಷ ಬಾಯಲ್ಲೇ ಪ್ರೋಗ್ರಾಂ ಬರೆಯುತ್ತಿದ್ದಳು.

"ಅಜ್ಜಿ, ನಿನ್ನ ದೋಣಿ ಕಥೇನ ಈ ಡಬ್ಬೀಲಿ ಹಾಕ್ತೀನಿ. ಮೊದಲಿಂದ ಹೇಳು."

ಅಜ್ಜಿ ಆಗ ತನ್ನ ಮಂಡಿನೋವಿನ ಎಣ್ಣೆಯ ಸೀಸೆಯನ್ನು ಕರೆಂಟಿನ ಡಬ್ಬಿಯ ಮೇಲೆ ಇಟ್ಟು ಬಿಸಿ ಮಾಡಿಕೊಳ್ಳುತ್ತಿದ್ದಳು. ಕಂಪ್ಯೂಟರ್ ಬಂದದ್ದರಿಂದ ಆಗಿದ್ದ ಒಂದೇ ಒಂದು ಪ್ರಯೋಜನ ಅದು.

"ಡಬ್ಬೀಲಿ ಹಾಕಿದ್ರೆ ಉಸಿರು ಕಟ್ಟಲ್ವಾ ಅದಕ್ಕೆ?" ಅಂದಳು. ಆದರೂ ಕಾಲು ಮಡಚಿ ಸರಿಯಾಗಿ ಕೂತಳು.

ಪಿಟೀಲು ಬರೆಯತೊಡಗಿದಳು. ಆ ಯಂತ್ರಕ್ಕೆ ಬರುತ್ತಿದ್ದದ್ದು ಇಂಗ್ಲಿಷಿನ ದೊಡ್ಡಕ್ಷರ ಮಾತ್ರ. ಮನೆಮಾತನ್ನೇ ಆ ಅಕ್ಷರಗಳಲ್ಲಿ ಹೇಗೋ ತುರುಕಿದಳು. ಅಜ್ಜಿ ಹೇಳುತ್ತಾ ಹೋದಳು, ಇವಳು ಕುಟ್ಟುತ್ತಾ ಹೋದಳು. ಒಂದು ಸಂಜೆಯಲ್ಲಿ ದೋಣಿ ಎರಡನೇ ಕವಲು ಕೂಡ ದಾಟಲಿಲ್ಲ. ಮುಗಿಯುವ ತನಕ ಟಿವಿ ಆರಿಸುವ ಹಾಗಿಲ್ಲ. ಕ್ಯಾಸೆಟ್ಟಿಗೆ ತುಂಬೋಣವೆಂದರೆ ಬೆಲ್ಟು ಬಂದಿಲ್ಲ.

ಹಾಗಾಗಿ ಆ ವಾರ ಟಿವಿ ಹಗಲೂ ರಾತ್ರಿ ಉರಿಯಿತು. ಪರದೆಯ ಮೇಲೆ ಒಂದಿಷ್ಟು ಸಾಲು, ಅದರ ಕೆಳಗೆ ಮಿಣುಕುವ ಒಂದು ಪುಟ್ಟ ಚೌಕ. ಇದೆ, ಇಲ್ಲ. ಇದೆ, ಇಲ್ಲ.

ಮನೆಯಲ್ಲಿ ಎಲ್ಲರೂ ಬೆಕ್ಕಿನ ಹೆಜ್ಜೆ ಇಟ್ಟು ನಡೆಯತೊಡಗಿದರು. ಅಮ್ಮ ಟಿವಿ ಸುತ್ತ ಗುಡಿಸುವಾಗ ರೋಗಿಯ ಬಾಯಲ್ಲಿ ಕೈಯಿಟ್ಟಷ್ಟು ಎಚ್ಚರದಿಂದ ಗುಡಿಸಿದಳು. ಇಸ್ತ್ರಿಪೆಟ್ಟಿಗೆ ಹಾಕಿದರೆ ಫ್ಯೂಸ್ ಹೋಗಬಹುದು ಅಂತ ಇಸ್ತ್ರಿ ನಿಂತಿತು. ಅಪ್ಪ ಸುಕ್ಕುಗಟ್ಟಿದ ಅಂಗಿ ಹಾಕಿಕೊಂಡೇ ಬಸ್ಸು ಹತ್ತಿದ. "ಒಲೆ ಮೇಲಿಂದ ತೆಗೆದ ಹಪ್ಪಳದ ಹಾಗಿದೀರಿ ಅಂತ ಕಂಡಕ್ಟರ್ ಹೇಳ್ತಾನೆ," ಅಂತ ಸಂಜೆ ಮುಖ ಊದಿಸಿಕೊಂಡ. ಆದರೂ ಸ್ವಿಚ್ಚಿನ ಹತ್ತಿರ ಹೋಗಲಿಲ್ಲ. ಭಾನುವಾರದವರೆಗೆ ಅಂತ ತಾನೇ ಮಾತು ಕೊಟ್ಟಿದ್ದ.

ಆದರೆ ಅಭ್ಯಾಸ ಅನ್ನುವುದು ಬಿಡಬೇಕಲ್ಲ? ಸಂಜೆಯಾದೊಡನೆ ಅಪ್ಪ ಬಂದು ಬೆತ್ತದ ಕುರ್ಚಿಯಲ್ಲಿ ಕೂತು ಟಿವಿಯನ್ನೇ ನೋಡುತ್ತಿದ್ದ. ಚೌಕ ಮಿಣುಕುತ್ತಿತ್ತು. ಅಮ್ಮ ತರಕಾರಿ ಹೆಚ್ಚುತ್ತ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಚೌಕ ಮಿಣುಕುತ್ತಿತ್ತು.

"ಇವತ್ತೇನು ವಿಶೇಷ?" ಅನ್ನುತ್ತಿದ್ದಳು ಅಮ್ಮ.

"ನಿನ್ನೆಗಿಂತ ಸ್ವಲ್ಪ ಚುರುಕಾಗಿದೆ ಅನ್ಸುತ್ತೆ," ಅನ್ನುತ್ತಿದ್ದ ಅಪ್ಪ.

ಬೇರೆ ನೋಡುವುದಕ್ಕೇನೂ ಇಲ್ಲದೆ ಇಬ್ಬರೂ ನಿಧಾನವಾಗಿ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಪಿಟೀಲುವಿಗೆ ಕಥೆ ಹೇಳುತ್ತಿದ್ದಳಲ್ಲ, ಮೊದಲು ಬರೀ ಕಿವಿ ತಿರುಗಿತು, ಆಮೇಲೆ ಕುರ್ಚಿಯೇ ತಿರುಗಿತು.

"ಎಡಕ್ಕೋ ಬಲಕ್ಕೋ?" ಅಂದಳು ಅಜ್ಜಿ.

"ಬಲಕ್ಕೆ ಹೋಗಬಾರದು, ಎದುರಿಂದ ಗಾಡಿ ಬರುತ್ತೆ," ಅಂದ ಅಪ್ಪ.

"ನದೀಲಿ ಗಾಡಿ ಎಲ್ಲಿಂದ ಬರುತ್ತೋ?"

"ದೋಣಿ ಬರಲ್ವಾ? ಯಾವ ಊರಲ್ಲಾದ್ರೂ ಒಂದು ಶಿಸ್ತು ಅಂತ ಇರಬೇಕಮ್ಮಾ."

"ಎಡಕ್ಕೇ ಹೋಗಲಿ," ಅಂದಳು ಅಮ್ಮ. "ಆ ರಾಕ್ಷಸಿಗೆ ನಿದ್ದೆ ಬರದೇ ಇರೋದು ದವಡೆ ಹಲ್ಲಿನ ನೋವಿಗೆ. ನನಗೆ ಗೊತ್ತು."

ಅಜ್ಜಿ ಕ್ಷಣ ಕಣ್ಣುಮುಚ್ಚಿ, "ಹೌದು, ದವಡೆ ಹಲ್ಲೇ," ಅಂತ ಒಪ್ಪಿಕೊಂಡಳು. ರಾಕ್ಷಸಿಗೆ ಹಲ್ಲುನೋವು ಬಂತು. ಪಿಟೀಲು ಹಿಂದೆ ಹೋಗಿ ಮತ್ತೆ ಸಾಲು ತಿದ್ದಿದಳು. ಅಜ್ಜಿಯೊಡನೆ ಕೆಲಸ ಮಾಡುವುದರಲ್ಲಿ ಇದೇ ತಾಪತ್ರಯ; ಯಂತ್ರ ಒಂದು ಸಲ ಹೇಳಿದರೆ ಹಾಗೇ ಇಟ್ಟುಕೊಳ್ಳುತ್ತಿತ್ತು, ಅಜ್ಜಿ ಇಟ್ಟುಕೊಳ್ಳುತ್ತಿರಲಿಲ್ಲ. ನಿನ್ನೆಯ ಮೊಸಳೆ ಇವತ್ತು ಆಮೆ. ಕೇಳಿದರೆ, "ಮೊಸಳೆ ಊರಿಗೆ ಹೋಗಿದೆ" ಅನ್ನುತ್ತಿದ್ದಳು.

ಕಥೆ ಕೇಳಲು ಮಹಡಿ ಆಂಟಿಯೂ ಇಳಿದುಬರತೊಡಗಿದಳು. ಮೇಲಿನ ಮನೆಯ ಆಕೆಗೆ ಮೆಟ್ಟಿಲಿಳಿದು ಬಂದು ಬೇರೆಯವರ ಮನೆಯ ವಸ್ತುಗಳಿಗೆ ಮೂಗು ಮುರಿಯುವುದೆಂದರೆ ಪ್ರಾಣ. ಮೊದಲ ದಿನ ಪರದೆ ನೋಡಿ, "ಅಯ್ಯೋ, ಟಿವಿ ಕೆಟ್ಟುಹೋಯ್ತಾ? ನಮ್ಮದು ಇಷ್ಟು ವರ್ಷ ಆದ್ರೂ ಕಣ್ಣು ಮಿಟುಕಿಸಿಲ್ಲಪ್ಪ," ಅಂದಿದ್ದಳು. ಆದರೆ ಬಾಗಿಲಲ್ಲೇ ನಿಂತು ಒಂದು ಕವಲು ಕೇಳಿದಳು, ಹೊಸ್ತಿಲಲ್ಲಿ ಕೂತು ಇನ್ನೊಂದು ಕೇಳಿದಳು. ಕೊನೆಗೆ ಅಮ್ಮನ ಜೊತೆ ಬೀನ್ಸ್ ಬಿಡಿಸತೊಡಗಿದಳು.

ವಾರದ ನಡುವೆ ಕಥೆ ಒಂದು ವಿಚಿತ್ರ ತಿರುವು ತೆಗೆದುಕೊಂಡಿತು.

"ಆಗ ಏನಾಯ್ತು," ಅಂದಳು ಅಜ್ಜಿ, "ದೋಣಿಯವನ ಮಗಳ ತಲೆಗೆ ಹುಟ್ಟು ಬಡೀತು. ಕಣ್ಣು ಬಿಟ್ಟು ನೋಡ್ತಾಳೆ, ತಾನು ಯಾರು ಅಂತಾನೇ ನೆನಪಿಲ್ಲ!"

"ಅಯ್ಯೋ!" ಅಂದಳು ಅಮ್ಮ, ಚಾಕು ಹಿಡಿದ ಕೈ ಗಾಳಿಯಲ್ಲೇ ನಿಲ್ಲಿಸಿ.

ಪಿಟೀಲುವಿಗೆ ಆಶ್ಚರ್ಯ. ಚಿಕ್ಕಂದಿನ ಕಥೆಯಲ್ಲಿ ಇದಿರಲಿಲ್ಲ. ಆದರೆ ಅಜ್ಜಿಯ ಕಥೆ ಅಂದರೆ ಹಾಗೇ ತಾನೇ, ಅಂತ ಕುಟ್ಟಿದಳು. ಮಾರನೇ ದಿನ ಬಿಳೀ ಕೋಟಿನ ಒಬ್ಬ ಸುಂದರ ವೈದ್ಯ ನದಿಯ ದಡದಲ್ಲಿ ಪ್ರತ್ಯಕ್ಷನಾದ. ಅದರ ಮಾರನೇ ದಿನ ದೋಣಿಯವನ ಮಗಳಿಗೆ ಥೇಟ್ ಅವಳಂತೆಯೇ ಇರುವ ಒಬ್ಬ ಕೆಟ್ಟ ತಂಗಿ ಹುಟ್ಟಿಕೊಂಡಳು. ಆಕೆ ಕಿಟಕಿಯ ಬಳಿ ನಿಂತು ಕಣ್ಣು ಕಿರಿದು ಮಾಡಿ ನಗುತ್ತಿದ್ದಳಂತೆ.

"ದೋಣೀಲಿ ಕಿಟಕಿ ಎಲ್ಲಿಂದ ಬಂತಜ್ಜಿ?"

"ದೊಡ್ಡ ದೋಣಿ ಕಣೇ. ನೀನು ಕುಟ್ಟು."

"ಕಥೆ ಈಗ ವೇಗ ತಗೊಂಡಿತು ನೋಡಿ," ಅಂದ ಅಪ್ಪ. ಅವನು ಅವತ್ತು ಸ್ನೇಹಿತರು ಕರೆದರೂ ನಿಲ್ಲದೆ ಸೀದಾ ಮನೆಗೆ ಬಂದಿದ್ದ.

ಅಷ್ಟರಲ್ಲಿ ಯಂತ್ರ ಒಂದು ಸಾಲು ಬರೆದು ಮುಷ್ಕರ ಹೂಡಿತು. ಇನ್ನು ಜಾಗವಿಲ್ಲ ಅಂತ ಅದರ ಅರ್ಥ.

"ಇಷ್ಟಕ್ಕೇ ಹೊಟ್ಟೆ ತುಂಬಿತಾ?" ಅಂದಳು ಅಜ್ಜಿ ಅಸಹ್ಯದಿಂದ. "ನಾನಿನ್ನೂ ಪೀಠಿಕೇಲಿದೀನಿ."

"ಚಪ್ಪಲಿ ಸಿಗೋ ಜಾಗಾನಾದ್ರೂ ಹಾಕಬೇಕಲ್ಲಜ್ಜಿ! ಆ ತಂಗೀನ ತೆಗೆದುಬಿಡಲಾ?"

"ತಂಗೀನ ಮುಟ್ಟಬೇಡ," ಅಂದರು ಅಪ್ಪ ಅಮ್ಮ ಒಟ್ಟಿಗೇ.

ಆ ದಿನ ಪಿಟೀಲುವಿಗೆ ಇನ್ನೊಂದು ಸಂಗತಿ ಕಂಡಿತ್ತು. ಶಾಲೆಯಿಂದ ಬಂದಾಗ ಅಜ್ಜಿ, "ನನ್ನ ಕನ್ನಡಕ ಎಲ್ಲೇ?" ಅಂತ ಮನೆಯೆಲ್ಲ ತಡಕಾಡುತ್ತಿದ್ದಳು. ಅದು ಸಿಕ್ಕಿದ್ದು ಟಿವಿಯ ಹಿಂದೆ, ಧೂಳಿನಲ್ಲಿ.

"ಅಲ್ಲಿಗೆ ಹೇಗೆ ಹೋಯ್ತು?"

"ಅದಕ್ಕೇನು, ಬೇಜಾರಾಗಿ ತಾನೇ ನಡ್ಕೊಂಡು ಹೋಗಿರುತ್ತೆ," ಅಂದಳು ಅಜ್ಜಿ. ಕನ್ನಡಕವನ್ನು ಸೆರಗಿನಲ್ಲಿ ಒರೆಸುವ ನೆಪದಲ್ಲಿ ಮುಖ ತಿರುಗಿಸಿಕೊಂಡಳು.

ಶನಿವಾರದ ಸಂಜೆ. ಮಾರನೇ ದಿನ ಟೈಂ ಕೀಪರ್ ಬರುವವನಿದ್ದ. ಟೇಪ್ ರೆಕಾರ್ಡರಿನ ಬೆಲ್ಟು ಬಂತೆಂದು ರಿಪೇರಿಯವನು ಹೇಳಿಕಳಿಸಿದ್ದ, ಬೆಳಿಗ್ಗೆ ತರಬೇಕು. ಒಂದು ರಾತ್ರಿ ಕಳೆದರೆ ದೋಣಿ ದಡ ಸೇರಿದಂತೆ. ಪಿಟೀಲು ಪರದೆಗೆ ಕಣ್ಣು ನೆಟ್ಟು, ಚೌಕ ಮಿಣುಕಿದಾಗಲೆಲ್ಲ ತಾನೂ ಉಸಿರಾಡುತ್ತಿದ್ದಳು. ಜಾಗ ಮುಗಿದಿದ್ದರೂ ಅಜ್ಜಿಯ ಬಾಯಿ ನಿಂತಿರಲಿಲ್ಲ.

"...ಆಗ ಆ ಕೆಟ್ಟ ತಂಗಿ ವೈದ್ಯನಿಗೆ ಹಾಲು ತಂದುಕೊಟ್ಟಳು. ಹಾಲಲ್ಲಿ ಏನಿತ್ತು ಗೊತ್ತಾ? ಅವನು ಲೋಟ ಎತ್ತಿದ, ತುಟಿಗೆ ಇಟ್ಟ, ಅಷ್ಟರಲ್ಲಿ ಬಾಗಿಲಲ್ಲಿ—"

"ಸತ್ತುಹೋಗಿದ್ದ ಮಾವ!" ಅಂದಳು ಮಹಡಿ ಆಂಟಿ.

ಎಲ್ಲರೂ ಅವಳ ಕಡೆ ತಿರುಗಿದರು.

"ನಿನಗೆ ಹೇಗೆ ಗೊತ್ತು?" ಅಂದಳು ಅಮ್ಮ.

"ಇವತ್ತು ಮಧ್ಯಾಹ್ನ ಧಾರಾವಾಹೀಲಿ ಇದೇ ಬಂತಲ್ಲ! ನೆನಪು ಹೋದ ಸೊಸೆ, ಬಿಳೀ ಕೋಟು, ಹಾಲು..." ಆಂಟಿಯ ಕೈಯಲ್ಲಿನ ಬೀನ್ಸ್ ಕೆಳಗೆ ಬಿತ್ತು. "ಅಯ್ಯೋ ದೇವರೇ, ವಾರದಿಂದ ಅಂದ್ಕೋತಾ ಇದೀನಿ, ಈ ಕಥೆ ಎಲ್ಲೋ ಕೇಳಿದೀನಲ್ಲ ಅಂತ!"

ಅಜ್ಜಿ ಎಣ್ಣೆ ಸೀಸೆಯ ಮುಚ್ಚಳವನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದಳು.

"ಅಮ್ಮಾ," ಅಂದ ಅಪ್ಪ, ಟಿಕೇಟಿಲ್ಲದೆ ಸಿಕ್ಕಿಬಿದ್ದವರ ಮುಂದೆ ನಿಂತ ಧಾಟಿಯಲ್ಲಿ. "ಧಾರಾವಾಹಿ ಎಲ್ಲಿ ನೋಡಿದ್ರಿ?"

"ನೋಡಿದ್ದು ಯಾರು? ಈ ಕಥೆ ನಮ್ಮಜ್ಜಿ ಕಾಲದ್ದು."

"ನಿಮ್ಮಜ್ಜಿ ಕಾಲದಲ್ಲಿ ಬಿಳೀ ಕೋಟಿತ್ತಾ?"

"ಅತ್ತೇ," ಅಂದಳು ಅಮ್ಮ, ದವಾಖಾನೆಯಲ್ಲಿ ಮಕ್ಕಳಿಗೆ ಹೇಳುವ ದನಿಯಲ್ಲಿ, "ಏನೂ ನೋವಾಗಲ್ಲ. ಸ್ವಲ್ಪ ಬಾಯಿ ತೆರೀರಿ."

ಅಜ್ಜಿ ಒಂದು ಸಲ ಎಲ್ಲರ ಮುಖ ನೋಡಿದಳು. ತಪ್ಪಿಸಿಕೊಳ್ಳಲು ಎಡಕ್ಕೂ ದಾರಿಯಿಲ್ಲ, ಬಲಕ್ಕೂ ಇಲ್ಲ.

"ಅದೇನು ದೊಡ್ಡ ವಿದ್ಯೆಯಾ?" ಅಂದಳು ಕೊನೆಗೆ. "ನೀವೆಲ್ಲ ಹೋದ ಮೇಲೆ ಆ ತಂತಿ ಕೀಳ್ತೀನಿ, ಈ ತಂತಿ ಸಿಕ್ಕಿಸ್ತೀನಿ. ಧಾರಾವಾಹಿ ಮುಗಿದ ಮೇಲೆ ಈ ತಂತಿ ಕೀಳ್ತೀನಿ, ಆ ತಂತಿ ಸಿಕ್ಕಿಸ್ತೀನಿ. ನಿಮ್ಮ ಚೌಕ ಅಲ್ಲೇ ಇರುತ್ತೆ, ಎಲ್ಲಿಗೂ ಹೋಗಲ್ಲ ಅದು. ಪಾಪ, ಒಳ್ಳೇ ಚೌಕ."

ಪಿಟೀಲುವಿಗೆ ಮೊದಲು ಆದದ್ದು ಹೆದರಿಕೆ. ದಿನಾ, ತಾನು ಶಾಲೆಯಲ್ಲಿ ಕೂತಿದ್ದಾಗ, ತನ್ನ ದೋಣಿಯ ಕೆಳಗಿನಿಂದ ಯಾರೋ ನದಿಯನ್ನೇ ಎಳೆದುಹಾಕಿದ್ದರು! ಆಮೇಲೆ ನಿಧಾನವಾಗಿ ಬೆಳಕು ಹರಿಯಿತು. ನದಿ ಎಳೆದರೂ ದೋಣಿ ಮುಳುಗಿಲ್ಲ. ಅಂದರೆ ಕಥೆ ಇದ್ದದ್ದು ಟಿವಿಯಲ್ಲಲ್ಲ. ಆ ಕಪ್ಪು ಹಲಗೆಯೊಳಗೆ, ಕತ್ತಲಲ್ಲಿ, ಯಾರು ನೋಡಲಿ ಬಿಡಲಿ ಅದು ತನ್ನ ಪಾಡಿಗೆ ತಾನು ಇತ್ತು.

"ಹಾಗಾದ್ರೆ," ಅಂದ ಅಪ್ಪ ಒಂದೊಂದೇ ಪದ ಎತ್ತಿಡುತ್ತ, "ಈ ವಾರವೆಲ್ಲ ನಾನು ವಾರ್ತೆ ನೋಡಬಹುದಿತ್ತು."

"ನೀನು ಕೇಳಲಿಲ್ಲ," ಅಂದಳು ಅಜ್ಜಿ.

"ಆ ಚೌಕಾನ ನೋಡ್ತಾ ಕೂತಿದ್ದೆನಲ್ಲಮ್ಮಾ! ಅದರ ವೇಗ ಅಳೀತಿದ್ದೆ!"

"ತೋರಿಸಿ," ಅಂದಳು ಪಿಟೀಲು. ನಂಬಬೇಕೆಂದಿತ್ತು, ಆದರೆ ನಾಳೆಯೇ ಭಾನುವಾರ, ಅಳಿಸಿಹೋದರೆ ಮತ್ತೆ ಬರೆಯಲು ಹೊತ್ತಿಲ್ಲ. ಅಪ್ಪ ಟಿವಿ ಹಿಂದೆ ಬಗ್ಗಿ ತಂತಿ ಹಿಡಿದ. ದಿನವಿಡೀ ಬಸ್ಸಿನ ಚಕ್ರ ತಿರುಗಿಸುವ ಕೈ ಆಡಲೊಲ್ಲದು.

"ಹಲ್ಲು ಕಿತ್ತ ಹಾಗೆ," ಅಂದಳು ಅಮ್ಮ. "ಒಂದೇ ಸಲ ಎಳೀರಿ. ಯೋಚನೆ ಮಾಡಿದಷ್ಟೂ ಕಷ್ಟ."

ಎಳೆದ. ಪರದೆಯ ತುಂಬ ಜೇನುಹುಳುಗಳು ಗುಂಯ್‌ಗುಟ್ಟಿದವು. ಅಜ್ಜಿ ಆರಾಮವಾಗಿ ಬಗ್ಗಿ, ಕಣ್ಣು ಮುಚ್ಚಿಕೊಂಡೇ ಆಂಟೆನಾ ತಂತಿ ಸಿಕ್ಕಿಸಿ, ಚಾನೆಲ್ಲಿನ ತಿರುಗುಗುಂಡಿ ಕಟಕಟ ತಿರುಗಿಸಿದಳು. ಟೈ ಕಟ್ಟಿದ ಮನುಷ್ಯ ಹವಾಮಾನ ಹೇಳುತ್ತಿದ್ದ. ಅಪ್ಪನ ಕಣ್ಣು ತೇವವಾದವು. ಅಜ್ಜಿ ಮತ್ತೆ ತಂತಿ ಬದಲಿಸಿ ಗುಂಡಿ ತಿರುಗಿಸಿದಳು. ಜೇನುಹುಳು, ಕಪ್ಪು, ಆಮೇಲೆ ಸಾಲುಗಳು. ಅವುಗಳ ಕೆಳಗೆ ಚೌಕ. ಇದೆ, ಇಲ್ಲ. ಇದೆ.

ಪಿಟೀಲು ಅಜ್ಜಿಯನ್ನು ತಬ್ಬಿಕೊಂಡಳೋ, ಗುದ್ದಿದಳೋ, ಎರಡೂ ಒಟ್ಟಿಗೇ ನಡೆಯಿತು. "ಮೊದಲೇ ಯಾಕೆ ಹೇಳಲಿಲ್ಲ?"

ಅಜ್ಜಿಯ ನೋಟ ಒಂದು ಸಲ ಬೆತ್ತದ ಕುರ್ಚಿಯ ಮೇಲೆ ಹೋಯಿತು. ಟಿವಿ ಬಂದ ಕಾಲದಿಂದ ಟಿವಿಯನ್ನೇ ನೋಡುತ್ತ ಕೂತಿದ್ದ ಕುರ್ಚಿ ಈಗ ಅಜ್ಜಿಯ ಮಂಚದ ಕಡೆ ಮುಖ ಮಾಡಿತ್ತು. ಪಿಟೀಲು ಅದನ್ನು ನೋಡಿದಳು. ಬಾಯಿ ಮುಚ್ಚಿಕೊಂಡಳು. ಪಿಟೀಲು ತಾನಾಗಿ ನಿಂತದ್ದು ಅದೇ ಮೊದಲ ಸಲ.

ಭಾನುವಾರ ಬೆಳಿಗ್ಗೆ ಟೇಪ್ ರೆಕಾರ್ಡರ್ ಬಂತು. ಅಪ್ಪನ ಹಳೇ ಹಾಡಿನ ಕ್ಯಾಸೆಟ್ಟಿನ ಹಿಂಬದಿಗೆ ಕಥೆಯನ್ನು ತುಂಬುವಾಗ ಮನೆಯೆಲ್ಲ ಕಿರ್ರ್ರ್ ಅಂತ ಕಿರುಚಾಟ. "ನಮ್ಮ ಬಸ್ಸಿನ ಬ್ರೇಕೂ ಹೀಗೇ ಹಾಡುತ್ತೆ," ಅಂದ ಅಪ್ಪ ಮೆಚ್ಚುಗೆಯಿಂದ. ಅದು ಮುಗಿಯುವಷ್ಟರಲ್ಲಿ ಟೈಂ ಕೀಪರ್ ಬಾಗಿಲಲ್ಲಿದ್ದ. ಕಡ್ಡಿಯಂಥ ಮನುಷ್ಯ, ಕೈಯ ಗಡಿಯಾರ ನೋಡಿಕೊಂಡೇ ನಮಸ್ಕಾರ ಹೇಳಿದ.

"ಹೆಚ್ಚು ಹೊತ್ತು ಇರಲ್ಲ. ಯಂತ್ರ ನೋಡಿ ಹೊರಡ್ತೀನಿ."

ಪಿಟೀಲು ಕಥೆ ಶುರುಮಾಡಿಕೊಟ್ಟಳು. ಪರದೆಯ ಮೇಲೆ ನೀಲಿ ಚೌಕಗಳ ನದಿ, ಅದರ ಮೇಲೆ ಹಳದಿ ಚೌಕಗಳ ದೋಣಿ. ಎಡಕ್ಕೋ ಬಲಕ್ಕೋ?

"ಎಡ," ಅಂದ ಟೈಂ ಕೀಪರ್, ಗುಂಡಿ ಒತ್ತಿ. ರಾಕ್ಷಸಿಯ ಹಲ್ಲು ಕೀಳಬೇಕಾಯಿತು. ಕಿತ್ತ. "ಬಲ." ಆಮೆ ಒಗಟು ಕೇಳಿತು. ಮೂರು ಸಲ ತಪ್ಪು ಹೇಳಿ ಮೂರು ಸಲ ಮುಳುಗಿದ. ಕೋಟು ಬಿಚ್ಚಿಟ್ಟು ನೆಲದ ಮೇಲೆ ಕೂತ. ಹುಟ್ಟು ಬಡಿಯಿತು, ನೆನಪು ಹೋಯಿತು, ಬಿಳೀ ಕೋಟಿನ ವೈದ್ಯ ಬಂದ. ಅಮ್ಮ ಕೊಟ್ಟ ಚಹಾ ಆರಿ ಕೆನೆಗಟ್ಟಿತು. ಕಿಟಕಿಯ ಬಳಿ ಕೆಟ್ಟ ತಂಗಿ ನಿಂತದ್ದೇ ತಡ, ಯಂತ್ರ ಪೀಂ ಎಂದು ಕೂಗಿ ನಿಂತುಬಿಟ್ಟಿತು. ಅದರ ಹೊಟ್ಟೆ ಅಲ್ಲಿಗೇ ತುಂಬಿತ್ತು.

ಪಿಟೀಲು ಕಣ್ಣು ಮುಚ್ಚಿಕೊಂಡಳು. ಹೋಯಿತು. ಅರ್ಧ ದಾರಿಯಲ್ಲಿ ನಿಂತ ಬಸ್ಸು ಯಾರಿಗೆ ಬೇಕು?

"ಆಮೇಲೆ?" ಅಂದ ಟೈಂ ಕೀಪರ್.

ಯಂತ್ರ ಸುಮ್ಮನಿತ್ತು.

"ಆಮೇಲೇನಾಯ್ತು? ಆ ತಂಗಿ ಏನು ಮಾಡಿದ್ಲು?"

ಮಂಚದ ಮೇಲಿಂದ ಅಜ್ಜಿ ಮೆಲ್ಲಗೆ ಕೆಮ್ಮಿದಳು. "ಹಾಲು ತಂದಳು," ಅಂದಳು. ಟೈಂ ಕೀಪರ್ ಕೂತಲ್ಲೇ ಅವಳ ಕಡೆ ತಿರುಗಿದ. ಅಜ್ಜಿ ಎಡವೋ ಬಲವೋ ಅಂದಳು, ಅವನು ಹೇಳಿದ. ಅವನು ಹೇಳಿದ ಕಡೆಗೆಲ್ಲ ನದಿ ತಿರುಗಿತು. ಬಿಸಿಲು ಬಾಗಿಲಿನಿಂದ ಒಳಗೆ ಬಂದು, ನೆಲದ ಮೇಲೆ ತೆವಳಿ, ಮತ್ತೆ ಹೊರಗೆ ಹೋಯಿತು. ಅವನು ಗಡಿಯಾರವನ್ನು ಮರೆತೇ ಹೋದ. ಡಿಪೋದಲ್ಲಿ ಯಾರಿಗೆ ಹೇಳಿದರೂ ಇದನ್ನು ನಂಬುವುದಿಲ್ಲ ಅಂತ ಅಪ್ಪ ಅಮ್ಮನ ಕಿವಿಯಲ್ಲಿ ಪಿಸುಗುಟ್ಟಿದ.

ಕೊನೆಗೆ ಎದ್ದು ನಿಂತಾಗ ಟೈಂ ಕೀಪರನ ಕಾಲು ಜೋಮು ಹಿಡಿದಿತ್ತು. "ತಗೋತೀನಿ," ಅಂದ.

ಪಿಟೀಲುವಿನ ದೋಣಿ ಬುಳುಕ್ಕೆಂದು ಮುಳುಗಿತು.

"ಆದ್ರೆ," ಅಂದ ಅವನು, ಕಪ್ಪು ಹಲಗೆಯನ್ನೂ ಮಂಚವನ್ನೂ ನೋಡುತ್ತ, "ಇದರ ಜೊತೆ ಅಜ್ಜಿ ಬರ್ತಾರಾ?"

ಅಪ್ಪ ನಗಲಿಲ್ಲ. ಎದುರಿನಿಂದ ಗಾಡಿ ನುಗ್ಗಿಬಂದಾಗ ಹೇಗೋ ಹಾಗೆ ನೆಟ್ಟಗೆ ಕೂತ. "ಅಜ್ಜಿ ಬರಲ್ಲ."

"ಅಜ್ಜಿ ಇಲ್ದೆ ಇದು ಅರ್ಧಕ್ಕೇ ನಿಲ್ಲುತ್ತಲ್ಲ. ನಾನೇನು ಮಾಡಲಿ?"

"ಅದಕ್ಕೇ ಹೇಳಿದ್ದು, ಇದು ಮಾರೋದಲ್ಲ," ಅಂದ ಅಪ್ಪ, ತಾನು ಹಾಗೆ ಎಂದೂ ಹೇಳದೇ ಇದ್ದರೂ. "ಕೂತ ಮನುಷ್ಯ ಎದ್ದು ಹೋಗಲಿಲ್ಲ ತಾನೇ? ಅಲ್ಲಿಗಾಯ್ತು."

ಟೈಂ ಕೀಪರ್ ಬೇಸರದಿಂದ ಕೋಟು ಹಾಕಿಕೊಂಡ. ಬಾಗಿಲವರೆಗೆ ಹೋಗಿ ತಿರುಗಿ, "ಚಪ್ಪಲಿ ಸಿಕ್ತಾ ಇಲ್ವಾ, ಅದನ್ನಾದ್ರೂ ಹೇಳಿ," ಅಂದ. ಅಜ್ಜಿ ಅಷ್ಟರಲ್ಲಿ ಗೋಡೆಯ ಕಡೆ ತಿರುಗಿ ಗೊರಕೆ ಹೊಡೆಯತೊಡಗಿದ್ದಳು. ಆ ಗೊರಕೆ ನಿಜದ್ದಲ್ಲ ಅಂತ ಪಿಟೀಲುವಿಗೆ ಚೆನ್ನಾಗಿ ಗೊತ್ತಿತ್ತು.

ಸಂಜೆ ಅಪ್ಪ ಆಂಟೆನಾ ತಂತಿ ಸಿಕ್ಕಿಸಿ, ವಾರದ ಬಾಕಿಯೆಲ್ಲ ತೀರುವ ಹಾಗೆ ವಾರ್ತೆ ನೋಡಿದ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕುರ್ಚಿಯಲ್ಲಿ ಅತ್ತಿತ್ತ ಹೊರಳಿದ. ಎದ್ದು ಟಿವಿಯ ಹಿಂದೆ ಬಗ್ಗಿ ಏನೋ ಗುಟ್ಟಾಗಿ ಮಾಡಿದ. ಟೈ ಕಟ್ಟಿದ ಮನುಷ್ಯ ಮಾಯವಾಗಿ ಚೌಕ ಬಂತು. ಕರೆಂಟಿನ ಡಬ್ಬಿಯ ಮೇಲೆ ಎಣ್ಣೆಯ ಸೀಸೆ ಬೆಚ್ಚಗಾಗುತ್ತಿತ್ತು.

"ಯಾಕೆ, ವಾರ್ತೆ?" ಅಂದಳು ಅಮ್ಮ. 

"ಅದೇ ಹಳೇದು," ಅಂದ ಅಪ್ಪ, ಕುರ್ಚಿಯನ್ನು ಮಂಚದ ಕಡೆ ಎಳೆದುಕೊಂಡು. "ಅಮ್ಮಾ, ಬಲಕ್ಕೆ ಹೋದ್ರೆ ಏನಿದೆ ಅಂದ್ರಿ?"